ತಿರುಪ್ಪೂರಿಗೆ ಬಂದ ಹಸ್ತಪ್ರತಿ

ತಾಳವಾಡಿಯಿಂದ ಕೊಯಮತ್ತೂರಿಗೆ ಇಳಿಯುವವರು ಹೊತ್ತು ನೋಡಿಕೊಂಡೇ ಹೊರಡುತ್ತಾರೆ. ಸತ್ಯಮಂಗಲದ ಹುಲಿ ಸಂರಕ್ಷಿತ ಅರಣ್ಯದ ನಡುವೆ ಹಾದುಹೋಗುವ ದಿಂಬಂ ಘಟ್ಟದಲ್ಲಿ ರಾತ್ರಿಯ ಸಂಚಾರಕ್ಕೆ ನಿರ್ಬಂಧವಿದೆ. ಇಪ್ಪತ್ತೇಳು ತಿರುವುಗಳ ಆ ದಾರಿಯನ್ನು ಹಗಲಿನಲ್ಲೇ ಇಳಿದು ಹಗಲಿನಲ್ಲೇ ಹತ್ತುವುದು ಮೇಲಿನವರ ವಾಡಿಕೆ. ಘಟ್ಟದ ಮೇಲೆ ಅಂಗಡಿಯಲ್ಲಿ, ಹೊಲದಲ್ಲಿ, ಬಸ್ಸಿನಲ್ಲಿ ಕೇಳಿಬರುವ ಕನ್ನಡವು ಬಣ್ಣಾರಿ ಅಮ್ಮನ ಗುಡಿ ದಾಟಿ ಸತ್ಯಮಂಗಲ ಸೇರುವಷ್ಟರಲ್ಲಿ ವಿರಳವಾಗುತ್ತದೆ. ಪುಳಿಯಂಪಟ್ಟಿ, ಅನ್ನೂರು ಕಳೆದರೆ ಅದು ಮನೆಯೊಳಗಿನ ಮಾತು ಮಾತ್ರ.

ಈ ಗಡಿ ಬಹಳ ಹಳೆಯದೇನಲ್ಲ. 1956ರ ನವೆಂಬರಿನವರೆಗೆ ಕೊಳ್ಳೇಗಾಲವೂ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು, ತಾಳವಾಡಿ ಈಚೆಗೆ ಉಳಿಯಿತು. 1979ರಲ್ಲಿ ಈರೋಡು ಪ್ರತ್ಯೇಕ ಜಿಲ್ಲೆಯ ಕೇಂದ್ರವಾದಾಗ ತಾಳವಾಡಿ ಅದರ ಪಾಲಿಗೆ ಹೋಯಿತು. 2009ರಲ್ಲಿ ತಿರುಪ್ಪೂರು ಜಿಲ್ಲೆಯೂ ಬೇರೆಯಾಯಿತು. ರಾಜಕುಮಾರರು ಹುಟ್ಟಿದ ಗಾಜನೂರು ಇರುವುದು ಈ ತಾಳವಾಡಿಯ ನೆಲದಲ್ಲಿಯೇ. ಕಾಗದದ ಮೇಲೆ ಎಷ್ಟು ಗೆರೆ ಬಿದ್ದರೂ ಮೇಲಿನ ಜನರಿಗೆ ದೊಡ್ಡ ಆಸ್ಪತ್ರೆ, ದೊಡ್ಡ ಕಾಲೇಜು, ದುಡಿಮೆ ಎಂದರೆ ಇಂದಿಗೂ ಕೊಯಮತ್ತೂರು ಮತ್ತು ತಿರುಪ್ಪೂರು.

ಒಂದು ಶನಿವಾರದ ಬೆಳಗಿನ ಬಸ್ಸಿನಲ್ಲಿ ಕಿಟಕಿಯ ಬದಿಗೆ ಕುಳಿತಿದ್ದ ತರುಣಿಯ ಮಡಿಲಲ್ಲಿ ಒಂದು ಬಟ್ಟೆಚೀಲವಿತ್ತು. ಹೈಸ್ಕೂಲಿನವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದವಳು. ಆಕೆಯ ಹೆಸರು ಇಲ್ಲಿ ಬೇಡ. ಚೀಲದಲ್ಲಿದ್ದದ್ದು ಹನ್ನೊಂದು ಕಥೆಗಳ ಹಸ್ತಪ್ರತಿ. ನಾಲ್ಕು ವರ್ಷಗಳ ಬರಹ. ಕೈಯಲ್ಲಿದ್ದ ಮೊಬೈಲಿನಲ್ಲಿ ಒಂದು ಸಂದೇಶವಿತ್ತು. ತನ್ನನ್ನು ಸಾಹಿತ್ಯ ಏಜೆನ್ಸಿ ಎಂದು ಕರೆದುಕೊಂಡಿದ್ದ ಒಂದು ಸಂಸ್ಥೆ ಅದನ್ನು ಕಳುಹಿಸಿತ್ತು. ಆಕೆಯ ಕಥೆಗಳಲ್ಲಿ ಅಪೂರ್ವವಾದ ಶಕ್ತಿಯಿದೆ, ಅವನ್ನು ದೊಡ್ಡ ಪ್ರಕಾಶಕರ ಮುಂದೆ ಇಡುತ್ತೇವೆ, ಇಂಗ್ಲಿಷ್ ಅನುವಾದದ ಏರ್ಪಾಡನ್ನೂ ಮಾಡುತ್ತೇವೆ ಎಂದು ಅದರಲ್ಲಿತ್ತು. ಓದುವ ಶುಲ್ಕ ಮತ್ತು ನೋಂದಣಿ ಶುಲ್ಕವೆಂದು ಇಪ್ಪತ್ತೈದು ಸಾವಿರ ರೂಪಾಯಿಗಳನ್ನು ಸೋಮವಾರದೊಳಗೆ ಕಟ್ಟಬೇಕಾಗಿತ್ತು. ಅಷ್ಟು ಹಣ ಮನೆಯಲ್ಲಿರಲಿಲ್ಲ. ತಿರುಪ್ಪೂರಿನಲ್ಲಿದ್ದ ಸೋದರಮಾವನನ್ನು ಕೇಳಲೆಂದು ಆಕೆ ಹೊರಟಿದ್ದಳು.

ದಿಂಬಂನಿಂದ ಬಣ್ಣಾರಿಯವರೆಗೆ ಆಕೆ ಆ ಸಂದೇಶವನ್ನು ಎಷ್ಟು ಸಲ ಓದಿದಳೋ ಲೆಕ್ಕವಿಲ್ಲ. ಶುಲ್ಕದ ಸಾಲನ್ನು ದಾಟಿ ಕಣ್ಣು ಮತ್ತೆ ಮತ್ತೆ ಮೊದಲಿನ ಎರಡು ಸಾಲುಗಳಿಗೇ ಹೋಗುತ್ತಿತ್ತು. ಮನೆಯವರ ಹೊರತಾಗಿ ಆಕೆಯನ್ನು ಲೇಖಕಿ ಎಂದು ಕರೆದವರು ಅವರೇ ಮೊದಲಿಗರು.

ಹೊರಗಿನವರಿಗೆ ಈ ಸಂತೋಷ ಅತಿಯೆನಿಸಬಹುದು. ಗಡಿಯಾಚೆ ಕುಳಿತು ಕನ್ನಡದಲ್ಲಿ ಬರೆಯುವವರ ಏಕಾಂತವನ್ನು ಬಲ್ಲವರಿಗೆ ಹಾಗೆನಿಸಲಾರದು. ಬೆಂಗಳೂರು, ಮೈಸೂರು, ಧಾರವಾಡಗಳ ಹೊಸ ಲೇಖಕನಿಗೆ ಕಾಲೇಜಿನ ಮೇಷ್ಟರು, ಪತ್ರಿಕೆಯ ಸಂಪಾದಕರು, ಪುಸ್ತಕ ಬಿಡುಗಡೆಯ ಸಭೆಯಲ್ಲಿ ಪರಿಚಯವಾಗುವ ಹಿರಿಯರು, ಯಾರಾದರೊಬ್ಬರು ಸಿಗುತ್ತಾರೆ. ಕನ್ನಡ ಪುಸ್ತಕಲೋಕ ಇಷ್ಟು ಕಾಲ ನಡೆದದ್ದು ಇಂಥ ಪರಿಚಯಗಳಿಂದಲೇ. ಏಜೆಂಟ್ ಎಂಬ ವೃತ್ತಿ ಅದರಲ್ಲಿ ಬೇರೂರಲಿಲ್ಲ. ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. 1933ರಲ್ಲಿ ಜಿ. ಬಿ. ಜೋಶಿಯವರು ಧಾರವಾಡದಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿ ಓದುಗರನ್ನು ಚಂದಾದಾರರನ್ನಾಗಿ ಮಾಡಿಕೊಂಡರು. ಆಮೇಲಿನ ತಲೆಮಾರುಗಳಿಗೆ ವಾರಪತ್ರಿಕೆಗಳೂ ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆಗಳೂ ಬಾಗಿಲಾದವು.

2025ರ ಮೇ 20ರಂದು ಬಾನು ಮುಷ್ತಾಕರ ‘ಹಾರ್ಟ್ ಲ್ಯಾಂಪ್’ ಸಂಕಲನಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತು. ಹಾಸನದಲ್ಲಿ ವಕೀಲಿಕೆ ಮಾಡುತ್ತ ಬರೆದ ಹನ್ನೆರಡು ಕಥೆಗಳು ಮಡಿಕೇರಿಯ ದೀಪಾ ಭಾಸ್ತಿಯವರ ಅನುವಾದದಲ್ಲಿ ಇಂಗ್ಲೆಂಡಿನ ಒಂದು ಸಣ್ಣ ಪ್ರಕಾಶನವನ್ನು ತಲುಪಿ, 50,000 ಪೌಂಡುಗಳ ಬಹುಮಾನ ಇಬ್ಬರಿಗೂ ಸಮನಾಗಿ ಸಂದದ್ದನ್ನು ಕನ್ನಡದ ಮನೆಮನೆ ಓದಿತು. ಅನುವಾದ, ಹಕ್ಕು, ಏಜೆಂಟ್ ಎಂಬ ಮಾತುಗಳು ಅಂದಿನಿಂದ ಹಳ್ಳಿಯ ತರುಣ ತರುಣಿಯರ ಬಾಯಿಗೂ ಬಂದವು. ಆಸೆ ಹುಟ್ಟಿದ ಕಡೆ ಆಸೆಯನ್ನು ಮಾರುವವರೂ ಹುಟ್ಟುತ್ತಾರೆ.

ಕೊಯಮತ್ತೂರಿನ ಗಾಂಧಿಪುರದಲ್ಲಿ ಆಕೆ ಇಳಿದಾಗ ಬಿಸಿಲು ಏರಿತ್ತು. ತಿರುಪ್ಪೂರಿನ ಬಸ್ಸು ಅಲ್ಲಿಯೇ ಸಿಗುತ್ತಿದ್ದರೂ ಆಕೆ ಮೊದಲು ಟೌನ್‌ಹಾಲಿನ ಕಡೆಗೆ ಹೋದಳು. ರಾಜವೀದಿಯ ಚೌಡೇಶ್ವರಿಗೆ ಅರ್ಚನೆ ಮಾಡಿಸಿಕೊಂಡು ಹೋಗೆಂದು ತಾಯಿ ಹೇಳಿದ್ದರು. ಇಲ್ಲಿ ಆ ದೇವಿ ಸೌಡೇಶ್ವರಿ, ಸೌಡಾಂಬಿಕೆ. ದೇವಾಂಗ ನೇಕಾರರ ಕುಲದೇವತೆ. ವಿಜಯದಶಮಿಯ ದಿನ ಈ ಸಮುದಾಯದ ಗಂಡಸರು ಎದೆತೋಳುಗಳಿಗೆ ಕತ್ತಿಯ ಅಲಗು ತಾಗಿಸಿಕೊಳ್ಳುತ್ತ ಮೆರವಣಿಗೆಯಲ್ಲಿ ಈ ಗುಡಿಗೆ ಬರುತ್ತಾರೆ. ಕೊಯಮತ್ತೂರಿನ ಪತ್ರಿಕೆಗಳಲ್ಲಿ ಆ ಚಿತ್ರ ಪ್ರತಿ ವರ್ಷವೂ ಬರುತ್ತದೆ. ತಲೆಮಾರುಗಳ ಹಿಂದೆ ಕನ್ನಡನಾಡಿನಿಂದ ಇಳಿದುಬಂದ ಈ ನೇಕಾರರ ಮನೆಗಳಲ್ಲಿ ಇಂದಿಗೂ ಒಂದು ಬಗೆಯ ಕನ್ನಡ ಉಳಿದಿದೆ. ಲಿಪಿ ಉಳಿದಿಲ್ಲ. ಓದುಬರಹವೆಲ್ಲ ತಮಿಳಿನಲ್ಲಿ.

ಅವರ ಕಥೆಯನ್ನು ಬರೆದವರೂ ತಮಿಳಿನಲ್ಲಿಯೇ ಬರೆದರು. ಸೂತ್ರಧಾರಿ ಎಂಬ ಹೆಸರಿನಲ್ಲಿಯೂ ಬರೆಯುವ, ತಿರುಪ್ಪೂರಿನ ಎಂ. ಗೋಪಾಲಕೃಷ್ಣನ್ ಅವರ ‘ಅಮ್ಮನ್ ನೆಸವು’ ಕಾದಂಬರಿಯ ವಸ್ತು ಈ ದೇವಾಂಗರ ಬದುಕೇ. ಅದು ಸಹಜ. ಬರೆಯುವವನಿಗೆ ಓದುಗ ಎಲ್ಲಿದ್ದಾನೋ ಅಲ್ಲಿಗೇ ಬರಹವೂ ಹೋಗುತ್ತದೆ. ತಾಳವಾಡಿಯ ಈ ತರುಣಿಗೆ ಮಾತ್ರ ಕನ್ನಡ ಶಾಲೆಯ ದೆಸೆಯಿಂದ ಮಾತಿನ ಜೊತೆಗೆ ಲಿಪಿಯೂ ದಕ್ಕಿತ್ತು. ದಕ್ಕಿದ್ದನ್ನು ಯಾರಿಗೆ ತೋರಿಸಬೇಕೆಂಬುದು ತಿಳಿದಿರಲಿಲ್ಲ.

ಹೊಸ ಲೇಖಕನ ಈ ತಬ್ಬಿಬ್ಬನ್ನು ಕೊಯಮತ್ತೂರು ಒಮ್ಮೆ ಹತ್ತಿರದಿಂದ ಕಂಡಿದೆ. 1933ರ ಜುಲೈಯಲ್ಲಿ ಮೈಸೂರಿನ ಒಬ್ಬ ಯುವಕ ಈ ಊರಿನ ತನ್ನ ಅಕ್ಕನ ಮನೆಗೆ ಬಂದಿದ್ದ. ಬೀದಿಯ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದ ಹುಡುಗಿಯನ್ನು ಕಂಡು ಮೆಚ್ಚಿದ. ಜಾತಕ ಕೂಡಲಿಲ್ಲ; ಆದರೂ ಹಿರಿಯರನ್ನು ಒಪ್ಪಿಸಿ 1934ರಲ್ಲಿ ಮದುವೆಯಾದ. ಯುವಕ ಆರ್. ಕೆ. ನಾರಾಯಣ್, ಹುಡುಗಿ ರಾಜಂ. ಆಗ ನಾರಾಯಣರಿಗೆ ಉದ್ಯೋಗವೆಂಬುದಿರಲಿಲ್ಲ. ಬೆಂಗಳೂರಿನಲ್ಲಿದ್ದಾಗ ಅಜ್ಜಿ ನೋಡಿಕೊಟ್ಟ ಶುಭದಿನದಂದು ಬರೆಯಲು ತೊಡಗಿದ್ದ ಕಾದಂಬರಿಯೊಂದು ಮಾತ್ರ ಇತ್ತು. ತಮಿಳು ಮನೆಮಾತಿನ, ಕನ್ನಡ ಊರಿನಲ್ಲಿ ನೆಲೆಸಿದ್ದ ಯುವಕ ಇಂಗ್ಲಿಷಿನಲ್ಲಿ ಬರೆದ ಆ ಹಸ್ತಪ್ರತಿ ಲಂಡನ್ನಿನ ಪ್ರಕಾಶಕರಿಂದ ಮತ್ತೆ ಮತ್ತೆ ತಿರಸ್ಕೃತವಾಗುತ್ತಿತ್ತು.

ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ಮೈಸೂರಿನ ಗೆಳೆಯ ಕಿಟ್ಟು ಪೂರ್ಣ ಅವರ ಕೈಯಲ್ಲಿ ಆ ಪ್ರತಿ ಉಳಿಯಿತು. ಬೇಸತ್ತ ನಾರಾಯಣ್, ಅದಕ್ಕೊಂದು ಕಲ್ಲು ಕಟ್ಟಿ ಥೇಮ್ಸ್ ನದಿಗೆ ಎಸೆದುಬಿಡು ಎಂದು ಬರೆದರು. ಗೆಳೆಯ ಎಸೆಯಲಿಲ್ಲ. ಆಕ್ಸ್‌ಫರ್ಡಿನಲ್ಲಿಯೇ ವಾಸವಾಗಿದ್ದ ಲೇಖಕ ಗ್ರಹಾಂ ಗ್ರೀನ್ ಅವರ ಕೈಗೆ ಕೊಟ್ಟರು. ಗ್ರೀನ್ ಓದಿ ಮೆಚ್ಚಿ ತಮ್ಮ ಏಜೆಂಟರಾದ ಡೇವಿಡ್ ಹೈಯಂ ಅವರಿಗೆ ಶಿಫಾರಸು ಮಾಡಿದರು. 1935ರಲ್ಲಿ ಹ್ಯಾಮಿಷ್ ಹ್ಯಾಮಿಲ್ಟನ್ ಪ್ರಕಾಶನ ಅದನ್ನು ‘ಸ್ವಾಮಿ ಅಂಡ್ ಫ್ರೆಂಡ್ಸ್’ ಎಂದು ಹೊರತಂದಿತು. ಆ ಶೀರ್ಷಿಕೆಯೂ ನಾರಾಯಣ್ ಎಂಬ ಮೊಟಕು ಹೆಸರೂ ಗ್ರೀನ್ ಅವರ ಸಲಹೆಗಳು. ಲೇಖಕನೂ ಆತನನ್ನು ಕೈಹಿಡಿದು ನಡೆಸಿದವನೂ ಮುಖತಃ ಭೇಟಿಯಾದದ್ದು 1956ರಲ್ಲಿ.

ಈ ಕಥೆಯ ಉಳಿದರ್ಧವನ್ನು ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಪುಸ್ತಕ ಹೆಚ್ಚು ಮಾರಾಟವಾಗಲಿಲ್ಲ. ಎರಡನೆಯ ಕಾದಂಬರಿಯನ್ನು ಅದೇ ಪ್ರಕಾಶಕರು ತೆಗೆದುಕೊಳ್ಳಲಿಲ್ಲ. ಅದು 1937ರಲ್ಲಿ ಬೇರೆ ಕಡೆ, ಮೂರನೆಯದು 1938ರಲ್ಲಿ ಮತ್ತೊಂದು ಕಡೆ ಅಚ್ಚಾಯಿತು. ಏಜೆಂಟ್ ದೊರೆತ ಮಾತ್ರಕ್ಕೆ ದಾರಿ ಸುಗಮವಾಗಲಿಲ್ಲ. ಆದರೆ ಬಾಗಿಲು ಮುಚ್ಚಿದಾಗಲೆಲ್ಲ ಮುಂದಿನ ಬಾಗಿಲು ತಟ್ಟುವ ಜನ ಇದ್ದರು. ಪೂರ್ಣ ಗೆಳೆಯನಿಂದ ಶುಲ್ಕ ಕೇಳಲಿಲ್ಲ, ಗ್ರೀನ್ ಕೇಳಲಿಲ್ಲ. ಏಜೆಂಟರ ಕಸುಬಿನ ಕ್ರಮದಂತೆ ಅವರ ಪಾಲು ಸಲ್ಲುವುದು ಪ್ರಕಾಶಕರು ಕೊಡುವ ಹಣದಿಂದ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನ ಎ. ಪಿ. ವಾಟ್ ಈ ಕಸುಬಿಗೆ ರೂಪ ಕೊಟ್ಟಾಗ ಅವರ ಪಾಲು ನೂರಕ್ಕೆ 10. ಈಗ ಅಲ್ಲಿ ಸಾಮಾನ್ಯವಾಗಿ 15, ಪರಭಾಷೆ ಪರದೇಶಗಳ ಹಕ್ಕಿಗೆ 20. ಪುಸ್ತಕ ಮಾರಾಟವಾಗದಿದ್ದರೆ ಸೊನ್ನೆ.

ಈ ಸಂಗತಿಗಳು ಆ ತರುಣಿಗೆ ತಿಳಿದಿರಲಿಲ್ಲ. ಪ್ರಸಾದದ ಕುಂಕುಮವನ್ನು ಹಸ್ತಪ್ರತಿಯ ಮೇಲಿನ ಹಾಳೆಗೆ ಹಚ್ಚಿ ಆಕೆ ತಿರುಪ್ಪೂರಿನ ಬಸ್ಸು ಹತ್ತಿದಳು.

ಅವಿನಾಶಿ ರಸ್ತೆಯ ಗಿರಣಿ, ಕಾಲೇಜು, ಆಸ್ಪತ್ರೆಗಳನ್ನು ದಾಟಿ ಬಸ್ಸು ತಿರುಪ್ಪೂರಿನತ್ತ ತಿರುಗಿತು. ಊರು ಹತ್ತಿರವಾದಂತೆ ರಸ್ತೆಯ ಮೇಲೆ ಬಟ್ಟೆಯ ಉರುಳೆಗಳನ್ನು ಹೇರಿದ ಟೆಂಪೊಗಳು ಹೆಚ್ಚಾದವು. ಬನಿಯನ್ನಿನಿಂದ ಹೆಸರಾದ ಈ ಊರಿನಿಂದ ಭಾರತದ ಹೆಣಿಗೆ ಉಡುಪುಗಳ ರಫ್ತಿನ ಅರ್ಧಕ್ಕಿಂತ ಹೆಚ್ಚು ಭಾಗ ಹೊರಡುತ್ತದೆ. ಊರ ನಡುವಿನ ನೊಯ್ಯಲ್ ನದಿ ಅದರ ಬೆಲೆ ತೆತ್ತಿದೆ. ಬಣ್ಣದ ಕೊಳೆನೀರನ್ನು ಹೊರಬಿಡದ ವ್ಯವಸ್ಥೆ ಮಾಡಿಕೊಳ್ಳದ ಡೈಯಿಂಗ್ ಘಟಕಗಳನ್ನು ಮುಚ್ಚುವಂತೆ ಮದ್ರಾಸು ಹೈಕೋರ್ಟು 2011ರಲ್ಲಿ ಆದೇಶಿಸಬೇಕಾಯಿತು. ಇಲ್ಲಿ ಕಾರ್ಖಾನೆಗೆ ಕಂಪನಿ ಎಂದೇ ಹೆಸರು. ತಾಳವಾಡಿ, ಚಾಮರಾಜನಗರಗಳ ಕಡೆಯಿಂದ ಬಂದವರೂ ಇಲ್ಲಿ ಕಟಿಂಗ್, ಹೊಲಿಗೆ, ಚೆಕಿಂಗ್ ಕೆಲಸಗಳಲ್ಲಿದ್ದಾರೆ.

ಸೋದರಮಾವ ಕೆಲಸ ಮಾಡುತ್ತಿದ್ದದ್ದು ಒಬ್ಬ ಬೈಯಿಂಗ್ ಏಜೆಂಟರ ಕಚೇರಿಯಲ್ಲಿ. ಗೋಡೆಯುದ್ದಕ್ಕೂ ತೂಗುಹಾಕಿದ್ದ ಸ್ಯಾಂಪಲ್ ಅಂಗಿಗಳು, ಅಳತೆಯ ಟೇಪು, ಬಣ್ಣ ಹೊಂದಿಸಿ ನೋಡುವ ದೀಪದ ಪೆಟ್ಟಿಗೆ. ಯುರೋಪಿನ ವರ್ತಕ ಪ್ರತಿಯೊಂದು ಕಂಪನಿಯನ್ನೂ ಹುಡುಕಿಕೊಂಡು ಬರಲಾರ. ತಿರುಪ್ಪೂರಿನ ಸಣ್ಣ ಕಂಪನಿಯವನು ಆ ವರ್ತಕನ ಬಾಗಿಲಿಗೆ ಹೋಗಲಾರ. ನಡುವಿನ ಈ ಕಚೇರಿ ಸ್ಯಾಂಪಲ್ ಕಳುಹಿಸುತ್ತದೆ, ಬಣ್ಣಕ್ಕೂ ಅಳತೆಗೂ ಒಪ್ಪಿಗೆ ತರಿಸುತ್ತದೆ, ಸಾಗಣೆಗೆ ಮುನ್ನ ಪೀಸುಗಳನ್ನು ತೆಗೆದು ಪರೀಕ್ಷಿಸುತ್ತದೆ. ಸರಕು ತೂತ್ತುಕುಡಿಯಲ್ಲಿ ಹಡಗು ಹತ್ತಿ, ಹಣ ಬಂದ ಮೇಲೆ ಅದಕ್ಕೆ ಕಮಿಷನ್.

ಊಟದ ಬಿಡುವಿನಲ್ಲಿ ಮಾವ ಮೊಬೈಲನ್ನು ಕಣ್ಣಿನಿಂದ ದೂರ ಹಿಡಿದು ಸಂದೇಶವನ್ನು ಕೊನೆಯವರೆಗೂ ಓದಿದರು.

“ದುಡ್ಡು ಯಾರ್ ಕೊಡ್ಬೇಕು ಕೂಸೇ?”

“ನಾವೇ, ಮಾವ.”

“ಮಾಲು ಇನ್ನೂ ಮಾರಿಲ್ಲ ತಾನೆ?”

“ಇಲ್ಲ.”

“ಅಂಗಾದ್ರೆ ಇವ್ರು ಮಾರೋದು ನಿನ್ ಕಥೇನಲ್ಲ. ನಿನ್ಗೇ ಏನೋ ಮಾರ್ತಾವ್ರೆ.”

ಆಕೆ ಮಾತಾಡಲಿಲ್ಲ. ಮಾವ ಮತ್ತೆರಡು ಪ್ರಶ್ನೆ ಕೇಳಿದರು. ಇವರು ಈವರೆಗೆ ಯಾರ ಪುಸ್ತಕವನ್ನು ಯಾವ ಪ್ರಕಾಶಕರಿಗೆ ಕೊಡಿಸಿದ್ದಾರೆ? ನಾಳೆ ಬೇಡವೆನಿಸಿದರೆ ನೀನು ಹೊರಬರುವುದು ಹೇಗೆ? ಸಂದೇಶದಲ್ಲಿ ಎರಡಕ್ಕೂ ಉತ್ತರವಿರಲಿಲ್ಲ. ಜೊತೆಗಿದ್ದ ಕರಾರಿನ ನಮೂನೆಯಲ್ಲಿ, ಎಲ್ಲ ಭಾಷೆಗಳ ಎಲ್ಲ ಹಕ್ಕುಗಳೂ ಶಾಶ್ವತವಾಗಿ ಸಂಸ್ಥೆಗೆ ಸೇರತಕ್ಕದ್ದು ಎಂಬ ಸಾಲೊಂದು ಮಾತ್ರ ಸ್ಪಷ್ಟವಾಗಿತ್ತು.

ಮಾವ ಅನುಭವದಿಂದ ಹೇಳಿದ್ದನ್ನು ಕಾಯಿದೆ ತನ್ನ ಭಾಷೆಯಲ್ಲಿ ಎಂದೋ ಹೇಳಿದೆ. 1872ರ ಭಾರತೀಯ ಕರಾರು ಕಾಯಿದೆಯ 182ನೆಯ ಕಲಮಿನ ಪ್ರಕಾರ, ಇನ್ನೊಬ್ಬರ ಪರವಾಗಿ ವ್ಯವಹರಿಸಲು ನೇಮಕಗೊಂಡವನು ಏಜೆಂಟ್. ನೇಮಿಸುವವನು ಲೇಖಕ. ಹೊಸಬರು ಏಜೆಂಟನನ್ನು ವರ ಕೊಡುವ ದೊರೆಯೆಂದು ಭಾವಿಸಿ ಕೈಕಟ್ಟಿ ನಿಲ್ಲುತ್ತಾರೆ. ಕಾಯಿದೆಯ ಕಣ್ಣಿಗೆ ಯಜಮಾನ ಬರೆದವನೇ. ಕೇಳಿದಾಗ ಲೆಕ್ಕ ಒಪ್ಪಿಸುವುದು, ತನಗೆ ಸಲ್ಲಬೇಕಾದ್ದನ್ನು ಹಿಡಿದುಕೊಂಡು ಬಂದ ಹಣವನ್ನು ಯಜಮಾನನಿಗೆ ಮುಟ್ಟಿಸುವುದು ಏಜೆಂಟನ ಕರ್ತವ್ಯ ಎಂದು 213 ಮತ್ತು 218ನೆಯ ಕಲಮುಗಳು ಹೇಳುತ್ತವೆ. ಕೊಟ್ಟ ಅಧಿಕಾರವನ್ನು ತಕ್ಕ ಮುನ್ಸೂಚನೆಯೊಡನೆ ಹಿಂತೆಗೆದುಕೊಳ್ಳುವುದಕ್ಕೂ ಸಾಮಾನ್ಯವಾಗಿ ಅವಕಾಶವಿದೆ.

ಹಕ್ಕನ್ನೇ ಬರೆದುಕೊಡುವುದು ಬೇರೆಯ ಮಾತು. 1957ರ ಕೃತಿಸ್ವಾಮ್ಯ ಕಾಯಿದೆಯ ಮೇರೆಗೆ ಬರೆದವರೇ ಸಾಮಾನ್ಯವಾಗಿ ಕೃತಿಯ ಮೊದಲ ಒಡೆಯರು. ಆ ಹಕ್ಕು ಅವರ ಜೀವಿತಕಾಲವಲ್ಲದೆ ಆಮೇಲೂ 60 ವರ್ಷ ಉಳಿಯುತ್ತದೆ. ವರ್ಗಾಯಿಸುವುದಾದರೆ ಬರಹದಲ್ಲಿ, ಸಹಿಯೊಡನೆ ಆಗಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ, ಎಷ್ಟು ರಾಯಲ್ಟಿ ಎಂಬುದನ್ನು ಅದರಲ್ಲಿ ಕಾಣಿಸಬೇಕು ಎನ್ನುತ್ತದೆ 19ನೆಯ ಕಲಂ. ಕಾಲವನ್ನು ಹೇಳದಿದ್ದರೆ ಐದು ವರ್ಷ, ಪ್ರದೇಶವನ್ನು ಹೇಳದಿದ್ದರೆ ಭಾರತ ಎಂದು ಭಾವಿಸಲಾಗುತ್ತದೆ. ಹೇಳದೆ ಬಿಟ್ಟದ್ದಕ್ಕೆ ಕಾಯಿದೆ ಹೀಗೆ ಮಿತಿ ಹಾಕುತ್ತದೆ. ಶಾಶ್ವತವಾಗಿ ಎಂದು ಬರೆದುಕೊಟ್ಟು ಸಹಿ ಹಾಕಿದ ಮೇಲೆ ಆ ಆಸರೆ ಸುಲಭವಾಗಿ ಸಿಗದು. ಮಕ್ಕಳು ಬರೆಯುವ ಮನೆಗಳಲ್ಲಿ ಹೆತ್ತವರು ಈ ನಾಲ್ಕು ಮಾತನ್ನು ತಿಳಿದಿರುವುದು ಒಳ್ಳೆಯದು.

ಹಣ ಉಳಿಯಿತೆಂಬ ಸಮಾಧಾನ ಆಕೆಗೆ ಆಗ ಬರಲಿಲ್ಲ. ಮಾವನ ಮನೆಯಲ್ಲಿ ಆ ಸಂಜೆ ಆಕೆ ಅತ್ತದ್ದು ಹಣಕ್ಕಾಗಿ ಅಲ್ಲ. ಶುಲ್ಕ ಮೋಸವಾದರೆ ಅದರ ಮೇಲಿನ ಎರಡು ಸಾಲುಗಳೂ ಮೋಸವೇ. ಕಥೆಗಳನ್ನು ಅವರು ಓದಿರಲೇ ಇಲ್ಲವೇನೋ. ಹಾಗಿದ್ದರೆ ನಾಲ್ಕು ವರ್ಷಗಳಿಂದ ಬರೆದದ್ದನ್ನು ಈವರೆಗೂ ಯಾರೂ ಓದಿಲ್ಲ ಎಂದಾಯಿತು. ಏಜೆಂಟನನ್ನು ಹುಡುಕುವ ಹೊಸ ಲೇಖಕರ ಮನಸ್ಸಿನ ತಳದಲ್ಲಿರುವ ಬಯಕೆ ಇದೇ. ಹೆಸರು ಮತ್ತು ಹಣದ ಆಸೆ ಆಮೇಲಿನವು. ತನ್ನ ರಕ್ತಸಂಬಂಧಿಯಲ್ಲದ ಒಬ್ಬರು ಓದಿ, ಇದು ನಿಜವಾದ ಬರಹ, ಇದಕ್ಕಾಗಿ ನಾನು ಮಾತಾಡುತ್ತೇನೆ ಎನ್ನಬೇಕು. ಆ ಬಯಕೆಯಲ್ಲಿ ತಪ್ಪೇನೂ ಇಲ್ಲ. ಅದು ಅಷ್ಟು ಆಳವಾದದ್ದು ಎಂಬ ಕಾರಣಕ್ಕೇ ಅದಕ್ಕೆ ಬೆಲೆಚೀಟಿ ಅಂಟಿಸುವವರು ಬದುಕುತ್ತಾರೆ.

ಊಟವಾದ ಮೇಲೆ ಮಾವ, “ಅಂಗಾರೆ ಓದು ನೋಡವ” ಎಂದರು. ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದ, ಗುಂಡ್ಲುಪೇಟೆಯ ಕಡೆಯ ಕಟಿಂಗ್ ಮಾಸ್ಟರೊಬ್ಬರು ಟೀವಿ ನೋಡಲು ಬಂದವರು ಅಲ್ಲಿಯೇ ಕುಳಿತರು. ಆಕೆ ಸಂಕೋಚದಿಂದಲೇ ಶುರುಮಾಡಿದಳು. ಆನೆ ನುಗ್ಗಿದ ರಾಗಿಹೊಲದ ಕಾವಲಿಗೆ ಒಬ್ಬಳೇ ಅಟ್ಟಣೆ ಏರಿ ಕೂರುವ ಮುದುಕಿಯ ಕಥೆ ಅದು. ಓದು ಮುಗಿಯುವಾಗ ಮಾವನಿಗೆ ತೂಕಡಿಕೆ ಬಂದಿತ್ತು. ಕಟಿಂಗ್ ಮಾಸ್ಟರು ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಆ ಅಜ್ಜಿ ಕೆಳಗಿಳಿದ್ಲೋ ಇಲ್ವೋ? ನೀವು ಹೇಳ್ನೇ ಇಲ್ಲ.”

ಆಕೆ ಹೇಳಿದ್ದೇನೆಂದೇ ತಿಳಿದಿದ್ದಳು. ಕೊನೆಯ ಪುಟವನ್ನು ಮತ್ತೆ ನೋಡಿದಳು. ಹೇಳಿರಲಿಲ್ಲ. ಮುದುಕಿಯ ಜಾಗದಲ್ಲಿ ಅಲ್ಲಿ ಸೂರ್ಯೋದಯದ ವರ್ಣನೆಯಿತ್ತು. ಕಟಿಂಗ್ ಮಾಸ್ಟರು ಕೇಳಿದ್ದು ಹೊಗಳಿಕೆಯ ಮಾತಲ್ಲ. ಆದರೂ ಇಪ್ಪತ್ತೈದು ಸಾವಿರದ ಸಂದೇಶದಲ್ಲಿಲ್ಲದ ಒಂದು ವಸ್ತು ಅದರಲ್ಲಿತ್ತು. ಅವರು ಕೊನೆಯವರೆಗೂ ಕೇಳಿಸಿಕೊಂಡಿದ್ದರು.

ಮರುದಿನ ಮಧ್ಯಾಹ್ನ ಗಾಂಧಿಪುರದಲ್ಲಿ ಬಸ್ಸು ಬದಲಿಸಿ ಆಕೆ ಸತ್ಯಮಂಗಲದ ದಾರಿ ಹಿಡಿದಳು. ಸಂಸ್ಥೆಗೆ ಕಳುಹಿಸಿದ ಉತ್ತರ ಒಂದೇ ಸಾಲಿನದು: ಮುಂಗಡ ಶುಲ್ಕ ಕೊಡಲಾಗುವುದಿಲ್ಲ. ಅತ್ತ ಕಡೆಯಿಂದ ಮರುಮಾತು ಬರಲಿಲ್ಲ. ಮುಂದೆ ಆಕೆಯ ಕಥೆಗಳನ್ನು ಕೈಗೆತ್ತಿಕೊಳ್ಳುವ ಸಂಪಾದಕರೋ ಅನುವಾದಕರೋ ನಿಜವಾದ ಏಜೆಂಟರೋ ಸಿಗಬಹುದು, ಸಿಗದೆಯೂ ಇರಬಹುದು. ಸದ್ಯಕ್ಕೆ ಮುದುಕಿಯ ಕಥೆಯೊಂದನ್ನು ಸರಿಪಡಿಸಿ ಒಂದು ವಾರಪತ್ರಿಕೆಗೆ ಕಳುಹಿಸುವುದೆಂದು ಆಕೆ ನಿಶ್ಚಯಿಸಿದ್ದಳು. ಅದಕ್ಕೆ ಬೇಕಾದದ್ದು ಅಂಚೆಯ ಖರ್ಚು ಮಾತ್ರ.

ಅನ್ನೂರು ದಾಟಿದ ಮೇಲೆ ಚೀಲ ತೆರೆದು, ಕುಂಕುಮ ಹತ್ತಿದ ಹಾಳೆಯನ್ನು ಬದಿಗಿಟ್ಟು, ಕೊನೆಯ ಪುಟದ ಸೂರ್ಯೋದಯಕ್ಕೆ ಅಡ್ಡಗೆರೆ ಎಳೆದಳು. ಬಸ್ಸು ಕುಲುಕಿ ಗೆರೆ ಸೊಟ್ಟಗಾಯಿತು. ಬಣ್ಣಾರಿಯ ಚೆಕ್‌ಪೋಸ್ಟಿನಲ್ಲಿ ಬಸ್ಸು ನಿಂತಾಗ ಇನ್ನೂ ಬೆಳಕಿತ್ತು. ಆಕೆ ಬರೆಯುತ್ತಿದ್ದಳು.